ಅರವತ್ತೆರಡಕ್ಕೆ ನಿಂತ ಮಣಿ

"ಅವ್ವನ ದನಿ ಎಲ್ಲಿಗೂ ಹೋಗೂದಿಲ್ಲಪ್ಪಾ. ನನ್ನ ಮಾತು ನಂಬು," ಎಂದಳು ಬನಶಂಕರಿ.

ಎಲುಬಿಲ್ಲದ ನಾಲಿಗೆ ನೋಡಿ, ಮಾತು ಕೊಡುವುದಕ್ಕೆ ಎಷ್ಟು ಹೊತ್ತು? ಅವಳಪ್ಪ ರಾಚಪ್ಪ ಮಗಳ ಮುಖವನ್ನು ಒಮ್ಮೆ ನೋಡಿದ, ತಲೆ ಬಾಗಿಸಿ ಎಡಗಿವಿ ಒಡ್ಡಿದ. ಅವಳು ಸಣ್ಣ ಚಿಮಟಿಗೆಯಿಂದ ಅದರೊಳಗಿನ ಮಣಿಯನ್ನು ಹೊರತೆಗೆದು ಡಬ್ಬಿಗೆ ಹಾಕಿದಳು. ಆ ಕ್ಷಣದಿಂದ ರಾಚಪ್ಪನಿಗೆ ಲೋಕ ಮುಚ್ಚಿತು. ಸಂಜೆಗೆ ಮತ್ತೆ ತೆರೆಯುತ್ತದೆ ಎಂದು ಇಬ್ಬರೂ ತಿಳಿದಿದ್ದರು.

ಬನಹಟ್ಟಿಯಲ್ಲಿ ನೇಕಾರನಾಗಿ ಮೂವತ್ತು ವರ್ಷ ಕಳೆದವನಿಗೆ ಕಿವಿ ಉಳಿಯುವುದಿಲ್ಲ. ವಿದ್ಯುತ್ ಮಗ್ಗದ ಖಟಖಟ ಸದ್ದು ದಿನಕ್ಕೆ ಹತ್ತು ತಾಸು ಬಡಿದರೆ ಯಾರ ಕಿವಿ ತಾಳೀತು? ಅದಕ್ಕೆಂದೇ ಬಂದದ್ದು ಕಿವಿಮಣಿ. ಜೋಳದ ಕಾಳಿನಷ್ಟು ಗಾತ್ರ. ಹತ್ತಿರದ ಮಂದಿಯ ದನಿಯನ್ನು ನೂರು ತಾಸು ಕೇಳಿ ಕೇಳಿ ಒಬ್ಬೊಬ್ಬರದೂ ಒಂದು ದನಿಯಚ್ಚು ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ನೂರು ಮಗ್ಗ ಒಟ್ಟಿಗೆ ನಡೆಯಲಿ, ಮೊರದಲ್ಲಿ ಹೆಂಗಸು ಹರಳು ಬೇರೆ ಕಾಳು ಬೇರೆ ಮಾಡಿದ ಹಾಗೆ ಆ ಗದ್ದಲದಿಂದ ಪರಿಚಯದ ದನಿಯನ್ನಷ್ಟೇ ಆರಿಸಿ ಕಿವಿಯ ನರಕ್ಕೆ ಮುಟ್ಟಿಸುತ್ತದೆ. ದನಿಯಚ್ಚು ಮಣಿ ಬಿಟ್ಟು ಬೇರೆಲ್ಲೂ ಉಳಿಯಬಾರದೆಂಬ ಕಾನೂನಿದೆ. ಯಾರ ದನಿಯನ್ನು ಯಾರೋ ಕದ್ದು ಮಾತಾಡಿಸಿಬಿಟ್ಟಾರು ಎಂಬ ಅಂಜಿಕೆ.

ಮಣಿ ಬರುವುದಕ್ಕೆ ಮುಂಚಿನ ಕಥೆ ಬೇರೆ. ರಾಚಪ್ಪನ ಮನೆಯ ಹಿತ್ತಲಿನ ಖೋಲಿಯಲ್ಲಿ ಎರಡು ಮಗ್ಗ. ದಿನಕ್ಕೆರಡು ಸಲ ಅವನ ಹೆಂಡತಿ ಕಾಶವ್ವ ಚಹಾ ತಂದು, ಮಗ್ಗದ ಕಬ್ಬಿಣಕ್ಕೆ ಸ್ಟೀಲಿನ ಲೋಟದಿಂದ ಎರಡು ಸಲ ಬಡಿಯುತ್ತಿದ್ದಳು. ಸದ್ದು ಕೇಳುತ್ತಿರಲಿಲ್ಲ, ಆದರೆ ಕೈಗೆ ಅದರ ನಡುಕ ತಾಗುತ್ತಿತ್ತು. ಅವನು ತಿರುಗುತ್ತಿದ್ದ. ಓಣಿಯ ಎಲ್ಲ ಮನೆಗಳಲ್ಲೂ ಗಂಡನನ್ನು ಕರೆಯುವ ಪದ್ಧತಿ ಇದೇ. ಉಳಿದ ಮಾತೆಲ್ಲ ಕೈಸನ್ನೆ, ತುಟಿ ಓದುವುದು.

ಎಂಟು ವರ್ಷದ ಹಿಂದೆ ಮಣಿ ಹಾಕಿಸಿಕೊಂಡು, ಅದಕ್ಕೆ ಮನೆಯವರ ದನಿ ಪಳಗಿದ ಮೇಲೆ ಒಂದು ಮುಂಜಾನೆ, ಲೋಟದ ಬಡಿತದ ಜೊತೆಗೆ ಅವನಿಗೆ ಒಂದು ಮಾತೂ ಕೇಳಿಸಿತು. "ಚಾ ಆರತೈತಿ, ನೋಡ್ರಿ."

ರಾಚಪ್ಪ ಮಗ್ಗ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನಿಂತ. "ನೀ ದಿನಾ ಹಿಂಗ ಅಂತಿದ್ದಿಯೇನು?"

"ಮತ್ತ? ಇಪ್ಪತ್ತಾರು ವರ್ಷದಿಂದ ಒದರಾಕತ್ತೀನಿ. ಕೇಳಾಂವ ಎಲ್ಲಿದ್ದ?"

ಐದು ವರ್ಷ ಅವನು ಆ ಮಾತನ್ನು ಕೇಳಿದ. ಮೂರು ವರ್ಷದ ಹಿಂದೆ ಕಾಶವ್ವ ಎದೆನೋವೆಂದು ಮಲಗಿದವಳು ಏಳಲಿಲ್ಲ. ಅವಳು ಹೋಗಿ ತಿಂಗಳಾದ ಮೇಲೆ ಮತ್ತೆ ಮಗ್ಗ ಹಚ್ಚಿದಾಗ ಒಂದು ವಿಚಿತ್ರ ನಡೆಯಿತು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದಲ್ಲ, ಅದು ಮುಗಿಯುತ್ತ ಬಂದಾಗ ಲಾಳಿ ಹಗುರಾಗಿ ಸದ್ದು ತುಸು ತೆಳುವಾಗುತ್ತದೆ. ಆ ತೆಳು ಸದ್ದಿನಲ್ಲಿ ಮಣಿಗೆ ಕಾಶವ್ವ ಸಿಕ್ಕಳು. "ಚಾ ಆರತೈ..." ಅಷ್ಟೇ. ರಾಚಪ್ಪ ತಿರುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

ನೇಕಾರ ಸಂಘದ ಕಿವಿ ಕೇಂದ್ರದಲ್ಲಿ ಮಣಿ ನೋಡಿಕೊಳ್ಳುವ ಕೆಲಸ ಬನಶಂಕರಿಯದೇ. ಅವಳು ಅಪ್ಪನಿಗೆ ಬಿಡಿಸಿ ಹೇಳಿದಳು. "ಅದು ಮಣಿಯ ತಪ್ಪಪ್ಪಾ. ಪರಿಚಯದ ದನಿ ಹುಡುಕಿ ಹುಡುಕಿ, ಇಲ್ಲದ ಕಡೆನೂ ಐತಿ ಅಂತೈತಿ. ಮುಗಿಲಿನಾಗ ಆನಿ ಕಂಡ್ಹಂಗ. ಸರಿ ಮಾಡಲೇನು?"

"ತಪ್ಪಾದ್ರ ತಪ್ಪ ಇರಲಿ. ಮುಟ್ಟಬ್ಯಾಡ," ಎಂದಿದ್ದ ರಾಚಪ್ಪ.

ಅಷ್ಟೇ ಅಲ್ಲ, ಅಂದಿನಿಂದ ಅವನು ಕಂಡಿಕೆಗಳನ್ನು ಅರ್ಧ ಮಾತ್ರ ಸುತ್ತತೊಡಗಿದ. ಬೇಗ ಮುಗಿಯಬೇಕಲ್ಲ! ನೇಯ್ಗೆ ಕಡಿಮೆಯಾಯಿತು, ಓಣಿಯವರು ವಯಸ್ಸಾಯಿತು ಎಂದು ಆಡಿಕೊಂಡರು. ಮಗಳಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ಅವಳು ಬಾಯಿ ಬಿಡಲಿಲ್ಲ.

ಈಗ ಕಂಪನಿಯಿಂದ ಸುದ್ದಿ ಬಂದಿತ್ತು. ಹಳೆಯ ತಂತ್ರಾಂಶ ಮುಂದಿನ ತಿಂಗಳಿಂದ ಬಂದ್. ಎಲ್ಲ ಮಣಿಗಳಿಗೂ ಹೊಸದನ್ನು ತುಂಬಬೇಕು. ದನಿಗಳೇನಾಗುತ್ತವೆ ಎಂದು ಬನಶಂಕರಿ ಮೊದಲೇ ಬರೆದು ಕೇಳಿದ್ದಳು. ಎಲ್ಲ ದನಿಗಳನ್ನೂ ಜೋಪಾನವಾಗಿ ಒಯ್ಯಲಾಗುವುದು ಎಂದು ಉತ್ತರ ಬಂದಿತ್ತು. ಆ ಉತ್ತರದ ಬಲದ ಮೇಲೆಯೇ ಅಪ್ಪನಿಗೆ ಮಾತು ಕೊಟ್ಟದ್ದು.

ಕಿವಿ ಕೇಂದ್ರವೆಂದರೆ ಗಂಜಿ ವಾಸನೆ ಹೊಡೆಯುವ ಹಳೆಯ ಗೋದಾಮು. ಒಂದು ಮೇಜು, ಒಂದು ಗಣಕ, ಪಡ್ಡಿನ ಹಂಚಿನಂಥ ತಟ್ಟೆಗಳು. ಒಂದೊಂದು ಕುಳಿಗೆ ಒಂದೊಂದು ಮಣಿ ಇಟ್ಟರೆ ನವೀಕರಣ ತಾನೇ ನಡೆಯುತ್ತದೆ. ಸೋಮವಾರ ಮಧ್ಯಾಹ್ನ ಶುರುವಾಯಿತು. ನಾಲ್ಕು ನೂರಾ ಹನ್ನೆರಡು ಮಣಿಗಳಲ್ಲಿ ನಾಲ್ಕು ನೂರಾ ಒಂದು ಸಂಜೆಯೊಳಗೆ ಮುಗಿದು ಹಸಿರು ದೀಪ ತೋರಿಸಿದವು. ಹನ್ನೊಂದು ಮಾತ್ರ ಅರವತ್ತೆರಡು ಪರ್ಸೆಂಟಿಗೆ ಬಂದು ನಿಂತವು. ಆ ಹನ್ನೊಂದರಲ್ಲಿ ರಾಚಪ್ಪನದೂ ಒಂದು.

ಮಂಗಳವಾರ ಬಂದು ನೋಡಿದಳು. ಅರವತ್ತೆರಡು. ಬುಧವಾರ ಅರವತ್ತೆರಡು. ಆರಿಸಿ ಹಚ್ಚಿದಳು, ವೈರು ಬದಲಿಸಿದಳು, ಬೇರೆ ನೆಟ್‌ವರ್ಕ್ ತಂದಳು. ಅರವತ್ತೆರಡಕ್ಕೆ ಅರವತ್ತೆರಡೇ. ಕಂಪನಿಗೆ ಫೋನ್ ಹಚ್ಚಿದರೆ ಒಂದು ತಾಸು ಕೊಳಲು ಬಾರಿಸಿ, ದೂರು ಬರೆದುಕೊಂಡು, ಏಳು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದರು. ಅರ್ಧಕ್ಕೆ ನಿಂತ ಮಣಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಕಿವಿಗಿಟ್ಟರೆ ಬರಿಯ ಕಲ್ಲು.

ಗುರುವಾರ ಸಂಘದ ಅಧ್ಯಕ್ಷ ದುಂಡಪ್ಪ ಬಾಗಿಲಿಗೆ ಬಂದು ನಿಂತ. "ತಂಗಿ, ಹತ್ತು ಮಂದಿ ಕಿವುಡ್ರಾಗಿ ನನ್ನ ಕಟ್ಟಿ ಮ್ಯಾಲೆ ಕುಂತಾರ. ಮಣಿ ಇಲ್ಲದವರನ್ನ ಶೆಡ್ಡಿನಾಗ ಬಿಡೂದಿಲ್ಲಂತ ಠರಾವು ಮಾಡಿದಾಂವ ನಾನ. ಹೋದ ವರ್ಷ ಬೆಲ್ಟ ಹರದಾಗ ಕೂಗಿದ್ದು ಕೇಳದ ಒಬ್ಬಾಂವ ಬೆರಳು ಕಳಕೊಂಡ. ಈಗ ಇವರನ್ನ ಹ್ಯಾಂಗ ಬಿಡ್ಲಿ?"

"ನಡದೈತ್ರೀ. ನಿಧಾನಕ್ಕ ನಡದೈತಿ."

"ಎಲ್ಲಿ ನಡದೈತಿ? ಎಮ್ಮಿ ಕೆಸರಿನಾಗ ಮಲಗಿದ್ಹಂಗ ಮಲಗೇತಿ! ನೀ ಶಾಣ್ಯಾಕಿ ಅದಿ. ಏನಾರ ಒಂದು ಹಾದಿ ಹುಡುಕು."

ಶಾಣ್ಯಾಕಿ! ಹೊಗಳಿಕೆಗೆ ಉಬ್ಬದವರು ಯಾರು? ಆದರೂ ದುಂಡಪ್ಪನ ಮಾತಿಗಿಂತ ಅವಳನ್ನು ಹೆಚ್ಚು ತಿಂದದ್ದು ಮನೆಯ ಮೌನ. ಮಗ್ಗ ಹಚ್ಚದೆ ರಾಚಪ್ಪ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಎದುರಿಗೆ ಬಂದವರ ತುಟಿ ಓದಿ ಒಂದೊಂದು ಮಾತಾಡುತ್ತಿದ್ದ, ಹಿಂದಿನಿಂದ ಬಂದವರಿಗೆ ಬೆಚ್ಚುತ್ತಿದ್ದ. ಅಂದು ಮಧ್ಯಾಹ್ನ ಊಟಕ್ಕೆ ಬಂದಾಗ ಬನಶಂಕರಿ ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ತುಟಿ ಬಿಡಿಸಿ ಹೇಳಿದಳು. "ಇನ್ನೂ ಆಗಿಲ್ಲಪ್ಪಾ. ಸಿಕ್ಕೊಂಡೈತಿ."

"ಆಗೂತನಾ ತಡಿ," ಎಂದ ಅವನು. ಕಿವುಡರ ಹಾಗೆ ತುಸು ಜೋರಾಗಿ. "ಹಾಸಿನಾಗ ಗಂಟು ಬಿದ್ರ ಕತ್ತರಿ ಹಾಕ್ತಾರನು? ಕುಂತು ಬಿಡಸ್ತಾರ. ಆತುರಗಾರಗ ಬುದ್ಧಿ ಮಟ್ಟ."

"ಎಷ್ಟ ದಿನ?"

"ನಾ ಏನ್ ಲಗ್ನಕ್ಕ ಹೊಂಟೇನಿ? ನನಗೇನ ಅವಸರಿಲ್ಲ."

ಅವಸರವಿದ್ದದ್ದು ಅವಳಿಗೆ. ಅಪ್ಪ ಹಾಗೆ ಕುಳಿತಿರುವುದನ್ನು ನೋಡಲಾಗಲಿಲ್ಲ ಎನ್ನುವುದು ಅರ್ಧ ನಿಜ. ಒಂದು ಯಂತ್ರ ತನ್ನನ್ನು ನಾಲ್ಕು ದಿನ ಆಟವಾಡಿಸಿತಲ್ಲ ಎಂಬ ಸಿಟ್ಟು ಉಳಿದರ್ಧ.

ಶುಕ್ರವಾರ ಮುಂಜಾನೆ ಅವಳಿಗೆ ಹಾದಿ ಹೊಳೆಯಿತು. ಹೊಳೆದದ್ದೂ ಮಗ್ಗದ ಕಡೆಯಿಂದಲೇ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ನೇಕಾರರು ಎಲ್ಲವನ್ನೂ ಕಿತ್ತು ಮೊದಲಿಂದ ಹೂಡುವುದಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಕಾಶವ್ವ ಕೆಚ್ಚುವುದರಲ್ಲಿ ಓಣಿಗೇ ಹೆಸರಾದವಳು, ಮಗಳಿಗೂ ಕಲಿಸಿದ್ದಳು. ಮಣಿಗೂ ಹಾಗೇ ಯಾಕೆ ಮಾಡಬಾರದು? ನವೀಕರಣದ ಗೊಡವೆಯೇ ಬೇಡ. ಹಸಿರು ದೀಪ ಬಂದ ಒಂದು ಮಣಿಯಿಂದ ಹೊಸ ತಂತ್ರಾಂಶವನ್ನು ತೆಗೆದುಕೊಳ್ಳುವುದು, ನಿಂತ ಮಣಿಯೊಳಗಿನ ದನಿಗಳ ಗಂಟನ್ನು ಅದಕ್ಕೆ ಕೆಚ್ಚುವುದು, ಹಳೆಯದನ್ನು ಒರೆಸಿ ಇದನ್ನು ತುಂಬುವುದು. ಮಣಿಯೊಳಗೆ ಎರಡಕ್ಕೂ ಜಾಗವಿಲ್ಲ, ಹಾಗಾಗಿ ಒರೆಸಲೇಬೇಕು.

ಮೊದಲು ಕೈಗೆತ್ತಿಕೊಂಡದ್ದು ಅಪ್ಪನ ಮಣಿ. ಮುಕ್ಕಾಲು ತಾಸಿನಲ್ಲಿ ಕೆಚ್ಚುವ ಕೆಲಸ ಸರಾಗ ಸಾಗಿತು. ನಡುವೆ ಒಮ್ಮೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಒಂದು ದನಿ ಉತ್ತರ ಕೊಟ್ಟಿಲ್ಲ. ಬಿಟ್ಟು ಮುಂದುವರಿಯಲೆ?

ಗಣಕದ ಮುಂದೆ ಕೂರುವವರಿಗೆ ಇಂಥ ಪ್ರಶ್ನೆ ದಿನಕ್ಕೆ ನೂರು ಬರುತ್ತವೆ. ಯಾರು ಓದುತ್ತಾರೆ? ನಾವೂ ನೀವೂ ಓದುತ್ತೇವೆಯೆ? ಬನಶಂಕರಿ 'ಹೌದು' ಒತ್ತಿದಳು. ಹನ್ನೊಂದು ಮಣಿಗೂ ಆ ಪ್ರಶ್ನೆ ಬಂತು, ಹನ್ನೊಂದು ಸಲವೂ ಹೌದು ಎಂದಳು. ಊಟದ ಹೊತ್ತಿಗೆ ಹನ್ನೊಂದೂ ಹಸಿರಾದವು.

ದುಂಡಪ್ಪ ಕುಣಿದುಬಿಟ್ಟ. "ಕಂಪನಿಯವರಿಗೆ ಆಗದ್ದು ನಮ್ಮ ಓಣಿ ಹೆಣ್ಣಮಗಳು ಮಾಡಿದ್ಲಲೇ!" ಎಂದು ಇಡೀ ಕೇಂದ್ರಕ್ಕೆ ಮಿರ್ಚಿ, ಚುರಮುರಿ ತರಿಸಿದ. ಅವಳು ಎರಡು ಮಿರ್ಚಿ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಓಡಿದಳು. ಅಪ್ಪನ ಕಿವಿಗೆ ಮಣಿ ಇಟ್ಟು, "ಕೇಳತೈತೇನಪ್ಪಾ?" ಎಂದು ಕೂಗಿದಳು.

"ಯಾಕ ಒದರತಿ? ನಾ ಏನ್ ಕಿವುಡ ಏನು?" ಎಂದು ನಕ್ಕ ರಾಚಪ್ಪ. ಇಬ್ಬರೂ ನಕ್ಕರು. ಅಷ್ಟು ನಗು ಆ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಮಿರ್ಚಿ ಆರಿತ್ತು, ಆದರೂ ತಿಂದರು.

ಶನಿವಾರ ಮಗ್ಗ ನಡೆಯಿತು. ರವಿವಾರವೂ ನಡೆಯಿತು. ಸೋಮವಾರ ಕಸ ಗುಡಿಸುವಾಗ ಬನಶಂಕರಿಯ ಕಣ್ಣಿಗೆ ಕಂಡಿಕೆಯ ಬುಟ್ಟಿ ಬಿತ್ತು. ಅರ್ಧ ಸುತ್ತಿದ ಕಂಡಿಕೆಗಳ ಜಾಗದಲ್ಲಿ ಕಾಲು ಭಾಗ ಸುತ್ತಿದವು. ಕೆಲವಕ್ಕಂತೂ ನಾಲ್ಕೈದು ಸುತ್ತು ನೂಲೂ ಇರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಗ್ಗ ನಿಲ್ಲಿಸಿ, ಕಂಡಿಕೆ ಬದಲಿಸಿ, ಮತ್ತೆ ಹಚ್ಚಿ, ಅವನು ಕೇಳಿಸಿಕೊಳ್ಳುತ್ತ ನಿಂತಿರಬೇಕು. ಒಂದು ದಿನ ಅವಳು ಅಪ್ಪನನ್ನು ಕೇಳದೆ ಇದ್ದಳು, ಕೇಳುವುದಕ್ಕೆ ಹೆದರಿ.

ಮಂಗಳವಾರ ಮುಂಜಾನೆ ಕೇಂದ್ರಕ್ಕೆ ಹೊರಡುವಾಗ ಕೇಳಿಯೇಬಿಟ್ಟಳು. "ಅಪ್ಪಾ, ಅವ್ವ...?"

ರಾಚಪ್ಪ ನೂಲಿನಿಂದ ಕಣ್ಣೆತ್ತಲಿಲ್ಲ. "ಬಂದಿಲ್ಲವ್ವ. ಹೊಸಾದು ಐತೆಲ್ಲ, ಹಾದಿ ಸಿಕ್ಕಿರಲಿಕ್ಕಿಲ್ಲ. ಬರ್ತಾಳ."

ಕೇಂದ್ರಕ್ಕೆ ಹೋಗಿ ಗಣಕ ತೆರೆದರೆ ಕಂಪನಿಯ ಉತ್ತರ ಬಂದು ಕುಳಿತಿತ್ತು. ಬರೆದವನಾರೋ ಸಭ್ಯಸ್ಥ, ಒಂದೊಂದನ್ನೂ ಬಿಡಿಸಿ ಬರೆದಿದ್ದ. ನಿಮ್ಮ ಮಣಿಗಳು ಕೆಟ್ಟಿಲ್ಲ, ಕಾಯುತ್ತಿವೆ. ಅರವತ್ತೆರಡನೆಯ ಹಂತದಲ್ಲಿ ಮಣಿಯು ತನ್ನಲ್ಲಿರುವ ಪ್ರತಿಯೊಂದು ದನಿಯನ್ನೂ ಒಮ್ಮೆ ಹೊರಗಿನಿಂದ ಕೇಳಿ, ಅಚ್ಚು ಸರಿಯಿದೆಯೆಂದು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತದೆ. ಇತ್ತೀಚೆಗೆ ಕೇಳಿದ ದನಿಗಳ ನೆನಪು ಅದಕ್ಕೆ ಸಾಕಾಗುತ್ತದೆ. ಬಹುಕಾಲ ಕೇಳದ ದನಿಯಿದ್ದರೆ ಅದು ಬರುವವರೆಗೆ ನಿಲ್ಲುತ್ತದೆ. ಆ ವ್ಯಕ್ತಿ ದೂರದಲ್ಲಿದ್ದರೆ ಹತ್ತು ಸೆಕೆಂಡಿನ ಯಾವುದೇ ಧ್ವನಿಮುದ್ರಣ ಕೇಳಿಸಿದರೂ ಸಾಕು. ಏನೂ ಇಲ್ಲದಿದ್ದರೆ ಏಳು ದಿನ ಕಾದು, ಹಳೆಯ ಅಚ್ಚನ್ನು ಇದ್ದ ಹಾಗೇ ಒಯ್ಯುತ್ತದೆ. ದಯವಿಟ್ಟು ಮಣಿಗಳನ್ನು ಮುಟ್ಟದೆ ಹಾಗೇ ಬಿಡಿ.

ಏಳು ದಿನ. ಸೋಮವಾರ ಮಧ್ಯಾಹ್ನಕ್ಕೆ ತುಂಬುತ್ತಿತ್ತು. ಅವಳು ಶುಕ್ರವಾರ ಕತ್ತರಿ ಹಾಕಿದ್ದಳು.

ಆ ಹನ್ನೊಂದು ಮಂದಿಯ ಹೆಸರಿನ ಚೀಟಿ ಮೇಜಿನ ಮೇಲೇ ಇತ್ತು. ಅವಳು ಈಗ ಅದನ್ನು ಮೊದಲ ಸಲ ಹೆಸರಿನಿಂದ ಹೆಸರಿಗೆ ಓದಿದಳು. ವಾರವಿಡೀ ಅವು ಅವಳಿಗೆ ಹನ್ನೊಂದು ಮಣಿಗಳಾಗಿದ್ದವು. ಈಗ ಹನ್ನೊಂದು ಮನೆಗಳಾದವು. ಸಾವಂತ್ರೆವ್ವನ ಮನೆ, ಗಂಡ ಹೋಗಿ ಎರಡು ವರ್ಷ. ಮೂಲಿಮನಿ ಹಿರಿಮಗ, ತಾಯಿ ತೀರಿದ್ದು ಹೋದ ಚಳಿಗಾಲ. ಅಗಸಿ ಹತ್ತಿರದ ಬಸಲಿಂಗಪ್ಪ, ಇದ್ದೊಬ್ಬ ಮಗಳು ಬಾಣಂತನದಲ್ಲಿ ತೀರಿಕೊಂಡಳು. ಚೀಟಿ ಕೆಳಗಿಟ್ಟಳು. ಆ ಎಲ್ಲ ಮನೆಗಳಿಗೂ ಅವಳು ಮಣ್ಣಿಗೆ ಹೋಗಿದ್ದಳು. ಓಣಿಯ ರೂಢಿ ಅದು, ಯಾರು ಸತ್ತರೂ ಮನೆಗೊಬ್ಬರು ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರಬೇಕು. ಹಾಕಿ ಬಂದಿದ್ದಳು. ಚೀಟಿ ಐದು ದಿನ ಕಣ್ಣೆದುರಿಗಿದ್ದರೂ ಒಮ್ಮೆಯಾದರೂ ಹೊಳೆಯಲಿಲ್ಲವಲ್ಲ! ಅಯ್ಯೋ, ಎಂಥ ಶಾಣ್ಯಾಕಿ ನಾನು, ಎಂದು ಅವಳು ಆ ಗೋದಾಮಿನಲ್ಲಿ ಒಬ್ಬಳೇ ಕುಳಿತು ಅತ್ತಳು.

ಉತ್ತರ ಬರೆದವನಿಗೆ ಫೋನ್ ಹಚ್ಚಿದಳು. ಈ ಸಲ ಕೊಳಲು ಬಾರಿಸಲಿಲ್ಲ. ಒರೆಸಿದ ಅಚ್ಚು ಮರಳಿ ಬರುವುದಿಲ್ಲ, ಬೇರೆ ಕಡೆ ಪ್ರತಿ ಇಡುವಂತೆಯೇ ಇಲ್ಲ ಎಂದ. ಮುದ್ರಣದಿಂದ ಹೊಸ ಅಚ್ಚು ಮಾಡಬಹುದೇ ಎಂದರೆ, ನೂರು ತಾಸಿನಷ್ಟು ಇದೆಯೇ ಎಂದು ಕೇಳಿದ. ಅವಳು ಫೋನ್ ಇಟ್ಟಳು.

ಆ ದಿನ ಹತ್ತು ಮನೆ ತಿರುಗಿದಳು. ತಪ್ಪು ಯಂತ್ರದ್ದು ಎಂದು ಹೇಳಬಹುದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಹೇಳಲಿಲ್ಲ. ಕೆಲವರಿಗೆ ತಮ್ಮ ಕಿವಿಯಲ್ಲಿ ಸತ್ತವರ ದನಿ ಇತ್ತೆಂಬುದೇ ಗೊತ್ತಿರಲಿಲ್ಲ. ಅವರು ಹೋಗಲಿ ಬಿಡು ಎಂದರು. ಬಸಲಿಂಗಪ್ಪ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸಾವಂತ್ರೆವ್ವ ನಕ್ಕಳು. "ನಮ್ಮಾಂವ ಸತ್ತ ಮ್ಯಾಲೂ ಮಗ್ಗದಾಗ ಕುಂತು ಬೈತಿದ್ದವ್ವ. ನಾಕ ದಿನ ಆತು, ಯಾಕ ಸುಮ್ಮನಾದ ಅಂತಿದ್ದೆ." ನಗುತ್ತ ನಗುತ್ತ ಸೆರಗು ಮುಖಕ್ಕೆ ಹಿಡಿದುಕೊಂಡಳು.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮಗ್ಗ ನಿಂತಿತ್ತು. ಬನಶಂಕರಿ ಹೊಸ್ತಿಲಲ್ಲೇ ಕುಳಿತು ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಏಳು ದಿನದ ಮಾತು, ಹೌದು ಒತ್ತಿದ ಮಾತು. ರಾಚಪ್ಪ ಕೇಳಿದ. ಎಲ್ಲ ಮುಗಿದ ಮೇಲೆ, "ಹತ್ತು ಸೆಕೆಂಡ್ ದನಿ ಇದ್ರ ಆಗತಿತ್ತಂತ?" ಎಂದ.

ಆಗ ಅವಳಿಗೆ ನೆನಪಾಯಿತು. ಫೋನಿನಲ್ಲಿ ಹುಡುಕಿದಳು. ನಾಲ್ಕು ವರ್ಷದ ಹಿಂದೆ ಅವ್ವ ಕಳಿಸಿದ್ದ ದನಿ, ಹನ್ನೊಂದು ಸೆಕೆಂಡು. ಒತ್ತಿದಳು. "ಶಂಕ್ರವ್ವಾ, ಬರಾಗ ಸಕ್ರಿ ತಗೊಂಡ ಬಾ. ನಿಮ್ಮಪ್ಪಗ ಹೇಳಿದ್ರ ಉಪ್ಪು ತರ್ತಾನ. ಕೇಳಸ್ತೇನ? ಸಕ್ರಿ, ಸಕ್ರಿ!"

ರಾಚಪ್ಪ ಮೂರು ಸಲ ಹಾಕಿಸಿ ಕೇಳಿದ. ಮೂರನೆಯ ಸಲ ಉಪ್ಪಿನ ಮಾತಿಗೆ ನಕ್ಕ. ಆಮೇಲೆ ಫೋನನ್ನು ಮಗಳ ಕೈಗೆ ಕೊಟ್ಟು, "ಇಕಿ ನಿನ್ನ ಅವ್ವ. ಇಟ್ಕೊ," ಎಂದ. "ಮಗ್ಗದಾಗ ಬರ್ತಿದ್ದಕಿ ನನ್ನಕಿ."

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಮುಂಜಾನೆ ಒಳಗೆ ಚಹಾ ಸೋಸುತ್ತಿದ್ದಾಗ ಬನಶಂಕರಿಗೆ ಹಿತ್ತಲಿನಿಂದ ಮಗ್ಗದ ಸದ್ದು ಕೇಳಿತು. ದೇವರ ಜಗಲಿಯ ಮೇಲೆ ಕುಂಕುಮದ ಬಟ್ಟಲ ಪಕ್ಕ ಕಿವಿಮಣಿ ಇತ್ತು. ರಾಚಪ್ಪ ಅದನ್ನು ತೆಗೆದಿಟ್ಟು ಹೋಗಿದ್ದ. ಬೇರೆ ಎಲ್ಲರ ದನಿ ತಂದು ಕಾಶವ್ವನೊಬ್ಬಳದನ್ನು ತಾರದ ಮಣಿ ಅವನಿಗೆ ಬೇಡವಾಗಿರಬೇಕು.

ಚಹಾ ಲೋಟ ಹಿಡಿದು ಬನಶಂಕರಿ ಖೋಲಿಯ ಬಾಗಿಲಿಗೆ ಹೋದಳು. ಅಪ್ಪನ ಬೆನ್ನು ಕಾಣುತ್ತಿತ್ತು. ಬುಟ್ಟಿಯಲ್ಲಿ ಕಂಡಿಕೆಗಳೆಲ್ಲ ತುಂಬ ಸುತ್ತಿದವು. ಮುಗಿಯುವ ಅವಸರ ಇನ್ನು ಯಾವುದಕ್ಕೂ ಇರಲಿಲ್ಲ. ಕೂಗಿದರೆ ಪ್ರಯೋಜನವಿಲ್ಲ. ಅವಳು ಲೋಟದಿಂದ ಮಗ್ಗದ ಕಬ್ಬಿಣಕ್ಕೆ ಎರಡು ಸಲ ಬಡಿದಳು.

ರಾಚಪ್ಪ ಗಕ್ಕನೆ ತಿರುಗಿದ. ಮುಖದ ತುಂಬ ನಗು. ಅಂಥ ನಗುವನ್ನು ಅವನು ಮಗಳಿಗೆಂದು ಎಂದೂ ನಕ್ಕವನಲ್ಲ. ಒಂದು ಗಳಿಗೆ ಅದು ಹಾಗೇ ನಿಂತಿತ್ತು. ಆಮೇಲೆ ಅವನ ಕಣ್ಣಿಗೆ ಬನಶಂಕರಿ ಕಂಡಳು, ನಗು ನಿಧಾನಕ್ಕೆ ಇಳಿಯಿತು.

ಅವಳಿಗೆ ತಡೆಯಲಾಗಲಿಲ್ಲ. ಹೇಗೂ ಕೇಳುವುದಿಲ್ಲ ಎಂಬ ಧೈರ್ಯದಿಂದ ಮಗ್ಗದ ಸದ್ದಿನೊಳಗೆ ಹೇಳಿದಳು. "ತಪ್ಪಾತಪ್ಪಾ. ನೀ ತಡಿ ಅಂದಿದ್ದಿ. ನಾ ತಡೀಲಿಲ್ಲ."

ತುಟಿ ಓದಿಯೇ ಇಪ್ಪತ್ತಾರು ವರ್ಷ ಬಾಳಿದವನು ರಾಚಪ್ಪ. ಮರೆತೇಬಿಟ್ಟಿದ್ದಳು. ಅವನು ಮಗ್ಗ ನಿಲ್ಲಿಸಿದ. ಎದ್ದು ಬಂದು ಅವಳ ಕೈಯಿಂದ ಲೋಟ ತೆಗೆದುಕೊಂಡ, ಒಂದು ಗುಟುಕು ಕುಡಿದು ಮತ್ತೆ ಅವಳ ಕಡೆಗೇ ಚಾಚಿದ.

"ಅಳಬ್ಯಾಡ. ನೀನೂ ಒಂದು ಗುಟುಕು ಕುಡಿ," ಎಂದ. "ಚಾ ಆರತೈತಿ, ನೋಡು."